ಪ್ರಿಸರ್ವ್ ಎಂದ ಮಾತ್ರಕ್ಕೆ ಮಾಹಿತಿ ಉಳಿದೀತೆ?

ತಪ್ಪು ಕಲ್ಪನೆ: ವಿಬಿಸ್ಕ್ರಿಪ್ಟ್‌ನಲ್ಲಿ ‘ರೀಡಿಮ್’ ಎಂದು ಬರೆದರೆ ಅರೇ ದೊಡ್ಡದಾಗುತ್ತದೆ, ಒಳಗಿದ್ದದ್ದು ಹಾಗೇ ಇರುತ್ತದೆ.

ಸತ್ಯ: ಬರೀ ರೀಡಿಮ್ ಇದ್ದದ್ದನ್ನೆಲ್ಲ ಅಳಿಸಿ ಖಾಲಿ ಅರೇ ಕೊಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾಲ್ಕು ತಾಲ್ಲೂಕುಗಳ ಹೆಸರು ತುಂಬಿದ್ದೀರಿ. ಚಳ್ಳಕೆರೆ, ಮೊಳಕಾಲ್ಮೂರು ಸೇರಿಸಬೇಕು. ಆಗ ‘ರೀಡಿಮ್ ಪ್ರಿಸರ್ವ್ ತಾಲ್ಲೂಕು(5)’ ಎಂದೇ ಬರೆಯಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 5 ಎಂದರೆ ಆರು ಸ್ಥಾನ. ಮೊದಲಿಗೇ ‘ಡಿಮ್ ತಾಲ್ಲೂಕು(3)’ ಎಂದು ಗಾತ್ರ ಕಟ್ಟಿಬಿಟ್ಟಿದ್ದರೆ ಅದನ್ನು ಹಿಗ್ಗಿಸಲು ಬರುವುದಿಲ್ಲ. ಆವರಣ ಖಾಲಿ ಬಿಟ್ಟು ಘೋಷಿಸಿರಬೇಕು.

ತಪ್ಪು ಕಲ್ಪನೆ: ಪ್ರಿಸರ್ವ್ ಇದ್ದಮೇಲೆ ಏನೂ ಕಳೆದುಹೋಗದು.

ಸತ್ಯ: ಕುಗ್ಗಿಸುವಾಗ ಖಂಡಿತ ಕಳೆದುಹೋಗುತ್ತದೆ. ಹೆಚ್ಚಿನವರು ಎಡವುವುದೂ ಇಲ್ಲೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬೇರೆಯಾದವು. ಒಂಬತ್ತು ತಾಲ್ಲೂಕು ಆರಾದವು. ಆ ಒಂಬತ್ತನ್ನು ಅಕಾರಾದಿಯಾಗಿ ಜೋಡಿಸಿದ ಅರೇಯನ್ನು ‘ರೀಡಿಮ್ ಪ್ರಿಸರ್ವ್’ನಿಂದ ಆರಕ್ಕೆ ಇಳಿಸಿ ನೋಡಿ. ಕತ್ತರಿ ಬೀಳುವುದು ಬಾಲಕ್ಕೆ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮಾಯ! ಹೋಗಬೇಕಾಗಿದ್ದ ಜಗಳೂರು, ದಾವಣಗೆರೆ, ಹರಿಹರ ಮೂರೂ ಅಲ್ಲೇ ಕೂತಿರುತ್ತವೆ. ಸಂಖ್ಯೆ ಸರಿಯಾಗಿ ಆರೇ ಇರುವುದರಿಂದ ತಪ್ಪು ಕಣ್ಣಿಗೂ ಬೀಳದು, ದೋಷದ ಸಂದೇಶವೂ ಬಾರದು. ಮತ್ತೆ ಹಿಗ್ಗಿಸಿದರೆ ಸಿಗುವುದು ಖಾಲಿ ಸ್ಥಾನಗಳಷ್ಟೇ. ಆದ್ದರಿಂದ ಉಳಿಯಬೇಕಾದವನ್ನು ಮೊದಲು ಮುಂದಕ್ಕೆ ಸರಿಸಿಕೊಳ್ಳಿ, ಆಮೇಲೆ ಕುಗ್ಗಿಸಿ.

ತಪ್ಪು ಕಲ್ಪನೆ: ಎರಡು ಆಯಾಮದ ಅರೇ ಯಾವ ಕಡೆಗಾದರೂ ಬೆಳೆಯುತ್ತದೆ.

ಸತ್ಯ: ಮಾಹಿತಿ ಉಳಿಸಿಕೊಂಡು ಬೆಳೆಯುವುದು ಕೊನೆಯ ಆಯಾಮ ಮಾತ್ರ. ನಾಲ್ಕು ತಾಲ್ಲೂಕುಗಳ ಹನ್ನೆರಡು ತಿಂಗಳ ಮಳೆ ಲೆಕ್ಕವನ್ನು ‘ಮಳೆ(3, 11)’ ಎಂದು ಇಟ್ಟರೆ ಐದನೇ ತಾಲ್ಲೂಕು ಸೇರಿಸುವಾಗ ‘ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್’ ಎಂಬ ದೋಷ ಬರುತ್ತದೆ. ವರ್ಷಕ್ಕೆ ತಿಂಗಳು ಹನ್ನೆರಡೇ, ಹೆಚ್ಚಾಗಬಹುದಾದದ್ದು ತಾಲ್ಲೂಕು. ‘ಮಳೆ(11, 3)’ ಎಂದು ತಿರುವಿ ಇಟ್ಟರೆ ತೊಂದರೆಯಿಲ್ಲ.

ತಪ್ಪು ಕಲ್ಪನೆ: ಒಂದೊಂದೇ ಸ್ಥಾನ ಹೆಚ್ಚಿಸುತ್ತಾ ಹೋದರೆ ಕೆಲಸ ಹಗುರ.

ಸತ್ಯ: ಪ್ರತಿ ಸಲವೂ ಹಳೆಯ ಮಾಹಿತಿ ಹೊಸ ಜಾಗಕ್ಕೆ ನಕಲಾಗಬೇಕಾಗಬಹುದು. ಸಾವಿರಾರು ಸಾಲು ಓದುವಾಗ ನೂರು ಸ್ಥಾನ ಒಟ್ಟಿಗೆ ಹೆಚ್ಚಿಸಿ, ಕೊನೆಗೊಮ್ಮೆ ಉಳಿಕೆ ಕತ್ತರಿಸುವುದೇ ಸರಿ.

ವಿಬಿಸ್ಕ್ರಿಪ್ಟ್ ಅನ್ನು ವಿಂಡೋಸ್‌ನಿಂದ ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ. ಆದರೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯುವ ವಿಬಿಎಯಲ್ಲೂ ರೀಡಿಮ್ ಪ್ರಿಸರ್ವ್‌ನ ನಿಯಮಗಳು ಇವೇ.