‘ನಗೆ’ ‘ನನಗೆ’ ಆಗುವ ಬಗೆ

ಕೀಲಿಮಣೆಯ ಒಂದು ಕೀಲಿ ಪೂರ್ತಿ ಸತ್ತುಹೋದರೆ ಅಷ್ಟೇನೂ ಚಿಂತೆಯಿಲ್ಲ. ಒತ್ತಿದರೆ ಅಕ್ಷರ ಬೀಳುವುದಿಲ್ಲ, ಕೂಡಲೇ ಗೊತ್ತಾಗುತ್ತದೆ, ರಿಪೇರಿಗೆ ಕೂತುಕೊಳ್ಳುತ್ತೇವೆ. ಅಪಾಯವಿರುವುದು ಅರ್ಧ ಸತ್ತ ಕೀಲಿಯಿಂದ. ಹತ್ತು ಸಲ ಸರಿಯಾಗಿ ಬಿದ್ದು ಹನ್ನೊಂದನೆಯ ಸಲ ಕೈಕೊಡುತ್ತದೆ. ಇಲ್ಲವೇ ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ. ‘ನ’ ಎರಡು ಬಿದ್ದರೆ ‘ನಗೆ’ ಹೋಗಿ ‘ನನಗೆ’. ಒಂದು ತಪ್ಪಿದರೆ ‘ನನಗೆ’ ಹೋಗಿ ‘ನಗೆ’. ದೀರ್ಘದ ಕೀಲಿ ತಪ್ಪಿದರೆ ‘ದಾನ’ದ ಜಾಗದಲ್ಲಿ ‘ದನ’ ಬಂದು ನಿಲ್ಲುತ್ತದೆ. ಇವೆಲ್ಲ ಶುದ್ಧ ಕನ್ನಡ ಪದಗಳೇ ಆದ್ದರಿಂದ ಕಾಗುಣಿತ ನೋಡುವ ತಂತ್ರಾಂಶವೂ ತೆಪ್ಪಗಿರುತ್ತದೆ. ಪ್ರಬಂಧ ಬರೆಯುವವರು, ಶಾಸನಪಾಠ ನಕಲು ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇರುವುದರಿಂದ ಈ ನಾಲ್ಕು ಮಾತು.

ನಾನಿರುವುದು ಕಾಶಿಯ ಭೇಲೂಪುರದಲ್ಲಿ. ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥರು ಹುಟ್ಟಿದ ಜಾಗ ಇದೆಂದು ಜೈನರ ನಂಬಿಕೆ. ಹಾಗಾಗಿ ಬೀದಿಯಲ್ಲಿ ಆಗಾಗ ಕನ್ನಡ ಮಾತು ಕಿವಿಗೆ ಬೀಳುತ್ತದೆ. ಆದರೆ ಕನ್ನಡ ಅಕ್ಷರ ಅಚ್ಚಾದ ಕೀಲಿಮಣೆ ಇಲ್ಲಿ ಎಲ್ಲಿ ಸಿಗಬೇಕು? ಅದರ ಅಗತ್ಯವೂ ಇಲ್ಲ ಅನ್ನಿ. 1991ರ ಭಾರತೀಯ ಮಾನಕದಲ್ಲಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಹಿಂದಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಇದೆ, ಹಿಂದಿಯ ‘ನ’ ಇರುವಲ್ಲೇ ನಮ್ಮ ‘ನ’. ದೇವನಾಗರಿ ಅಚ್ಚಾದ ಕೀಲಿಮಣೆ ಕೊಂಡು ಧಾರಾಳವಾಗಿ ಕನ್ನಡ ಬರೆಯಬಹುದು. ಹಿಂದಿಯವರು ಮುಟ್ಟದ ‘ಝಡ್’ ಕೀಲಿಯಲ್ಲಿ ನಮ್ಮ ಎತ್ವ ಇದೆ. ‘ಡಿ’ಯಲ್ಲಿ ಹಲಂತ, ಅಂದರೆ ಒತ್ತಕ್ಷರಕ್ಕೆಲ್ಲ ಅದೇ ಆಧಾರ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ‘ನುಡಿ’ಯಲ್ಲಿ ಬರೆಯುವವರಿಗೆ ಆ ಕೆಲಸ ‘ಎಫ್’ ಕೀಲಿಯದು. ಅಕ್ಕ, ಅಣ್ಣ, ಅಮ್ಮ, ಅಪ್ಪ ಎಲ್ಲರಿಗೂ ಇದೇ ಒಂದು ಕೀಲಿ ಬೇಕು. ಹಾಗಾಗಿ ಕನ್ನಡ ಬರೆಯುವವನ ಮಣೆಯಲ್ಲಿ ಸವೆಯುವ ಕೀಲಿಗಳೇ ಬೇರೆ. ಇಂಗ್ಲಿಷಿನವರ ಲೆಕ್ಕ ನಮಗೆ ಹೊಂದುವುದಿಲ್ಲ.

ಇನ್ನು ಒಳಗಿನ ವಿಷಯ. ನಾನು ಹೇಳುತ್ತಿರುವುದು ಪ್ರತಿ ಕೀಲಿಗೂ ಬೇರೆ ಬೇರೆ ಸ್ವಿಚ್ಚಿರುವ ಯಾಂತ್ರಿಕ ಕೀಲಿಮಣೆಯ ಬಗ್ಗೆ. ಜರ್ಮನಿಯ ಚೆರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನ ಅಳತೆಯಲ್ಲೇ ಈಗ ಬಹಳ ಜನ ತಯಾರಿಸುತ್ತಾರೆ. ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಒಂದು ಸ್ಪ್ರಿಂಗು, ಮೇಲೆ ಕೆಳಗೆ ಓಡಾಡುವ ಪ್ಲಾಸ್ಟಿಕ್ ದಂಟು, ಎರಡು ತಗಡಿನ ನಾಲಗೆ. ದಂಟು ಮೇಲಿದ್ದಾಗ ಅದರ ಓರೆಗಾಲುಗಳು ಒಂದು ನಾಲಗೆಯನ್ನು ದೂರ ತಳ್ಳಿ ಹಿಡಿದಿರುತ್ತವೆ. ನೀವು ಒತ್ತಿದಾಗ ಸುಮಾರು 2 ಮಿಲಿಮೀಟರ್ ಇಳಿಯುವಷ್ಟರಲ್ಲಿ ಕಾಲು ಸರಿದು, ನಾಲಗೆ ಚಿಮ್ಮಿ ಇನ್ನೊಂದಕ್ಕೆ ತಾಗುತ್ತದೆ. ಪೂರ್ತಿ ಇಳಿತ 4 ಮಿಲಿಮೀಟರ್.

ತಾಗುವಾಗ ನಾಲಗೆ ಸುಮ್ಮನೆ ಕೂರುವುದಿಲ್ಲ; ಸಿಮೆಂಟು ನೆಲಕ್ಕೆ ಬಿದ್ದ ಚಮಚದ ಹಾಗೆ ಒಂದೆರಡು ಸಲ ಪುಟಿಯುತ್ತದೆ. ಇದು ಎಲ್ಲ ಸ್ವಿಚ್ಚಿನ ಗುಣ. ಅದಕ್ಕೇ ಬೋರ್ಡಿನ ಚಿಪ್ಪು ಕೆಲವು ಮಿಲಿಸೆಕೆಂಡು ತಾಳಿ ಆಮೇಲೆ ಅಕ್ಷರ ಎಣಿಸುತ್ತದೆ. ನಾಲಗೆಗೆ ಧೂಳೋ ಚಹಾದ ಜಿಡ್ಡೋ ಕೂತರೆ, ಕಿಲುಬು ಹಿಡಿದರೆ, ಪುಟಿತ ಆ ತಾಳ್ಮೆಯನ್ನೂ ಮೀರುತ್ತದೆ. ಆಗಲೇ ಜೋಡಿ ಅಕ್ಷರ. ಕೊಳೆ ಹೆಚ್ಚಾದರೆ ತಾಗಿಯೂ ತಾಗದ ಹಾಗಾಗಿ ಅಕ್ಷರ ತಪ್ಪುತ್ತದೆ. ಕಾಶಿಯ ಬೇಸಿಗೆಯಲ್ಲಿ ‘ಲೂ’ ಎಂಬ ಬಿಸಿಗಾಳಿ ಧೂಳು ತರುತ್ತದೆ, ಮಳೆಗಾಲದಲ್ಲಿ ಗಂಗೆಯ ಕಡೆಯ ತೇವ. ಎರಡೂ ಸೇರಿದರೆ ಕೇಳಬೇಕೆ?

ಬಿಚ್ಚುವ ಮೊದಲು ದೋಷ ಎಲ್ಲಿದೆ ಅಂತ ಗೊತ್ತುಮಾಡಿಕೊಳ್ಳಿ. ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿ, ಅನುಮಾನದ ಕೀಲಿಯನ್ನು 50 ಸಲ ಒತ್ತಿ, ಬಿದ್ದ ಅಕ್ಷರ ಎಣಿಸಿ. 50 ಬಿದ್ದರೆ ಕೀಲಿ ಬಹುಶಃ ಸರಿಯಿದೆ, ಕನ್ನಡ ತಂತ್ರಾಂಶದ ಕಡೆ ನೋಡಿ. 47 ಬಿದ್ದರೆ ತಪ್ಪುತ್ತಿದೆ, 53 ಬಿದ್ದರೆ ಪುಟಿಯುತ್ತಿದೆ. ಹಲಂತದ ಕೀಲಿಯ ಪುಟಿತ ಎಣಿಸದೆಯೂ ಕಾಣುತ್ತದೆ: ಹಲವು ಫಾಂಟುಗಳಲ್ಲಿ ಒತ್ತಿನ ಜಾಗದಲ್ಲಿ ಚುಕ್ಕಿಚುಕ್ಕಿಯ ಒಂದು ವೃತ್ತ ಏಳುತ್ತದೆ. ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿಯೂ ನೋಡಿ. ಒಂದೇ ಸಾಲಿನ ನಾಲ್ಕಾರು ಕೀಲಿ ಒಟ್ಟಿಗೆ ಕೆಟ್ಟಿದ್ದರೆ ಸ್ವಿಚ್ಚುಗಳನ್ನು ಬೈಯಬೇಡಿ. ಬೋರ್ಡಿನಲ್ಲಿ ಪ್ರತಿ ಕೀಲಿಗೂ ಬೇರೆ ತಂತಿ ಇರುವುದಿಲ್ಲ. ಚಾಪೆ ಹೆಣೆದ ಹಾಗೆ ಅಡ್ಡ ಸಾಲು, ಉದ್ದ ಸಾಲು ಇದ್ದು, ಅವು ಸಂಧಿಸುವ ಒಂದೊಂದು ಕಡೆ ಒಂದೊಂದು ಸ್ವಿಚ್ಚು. ಒಂದು ಸಾಲು ತುಂಡಾದರೆ ಅದರ ಮೇಲಿನವರೆಲ್ಲ ಹೋದರು.

ಒಂದು ಅಡ್ಡದಾರಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸಿನಲ್ಲಿ ಬೇಗಬೇಗ ಬಂದ ಎರಡನೆಯ ಒತ್ತನ್ನು ಲೆಕ್ಕಕ್ಕೆ ಹಿಡಿಯದ ಒಂದು ಏರ್ಪಾಡಿದೆ. ಆದರೆ ಅದರ ಕಾಲಾವಧಿ ಸಾಮಾನ್ಯವಾಗಿ ಅರ್ಧ ಸೆಕೆಂಡಿನಿಂದ ಶುರು. ಇಷ್ಟರಲ್ಲಿ ನೀವು ನಿಜವಾಗಿಯೇ ಬರೆದ ‘ನನಗೆ’ಯ ಎರಡನೆಯ ‘ನ’ವನ್ನೂ ಅದು ನುಂಗಿರುತ್ತದೆ. ರೋಗಕ್ಕಿಂತ ಮದ್ದೇ ಕೆಟ್ಟದ್ದು.

ಕೀಲಿಯ ಟೋಪಿಯನ್ನು ತಂತಿಯ ಚಿಮಟದಿಂದ ನೆಟ್ಟಗೆ ಮೇಲಕ್ಕೆ ಎಳೆದು ತೆಗೆಯಿರಿ. ನಿಮ್ಮದು ಸ್ವಿಚ್ಚು ಕೈಯಲ್ಲೇ ಕಿತ್ತು ಹಾಕುವ ಜಾತಿಯಾದರೆ ಕೆಲಸ ಸುಲಭ. ತಂತಿ ಬಿಚ್ಚಿ, ಸ್ವಿಚ್ಚು ಕಿತ್ತು, ಅದರ ಎರಡು ಕಾಲುಗಳನ್ನು ನೋಡಿ. ಒಂದು ಕಾಲು ಮಡಚಿಕೊಂಡಿರುವುದು ತೀರಾ ಸಾಮಾನ್ಯ. ಚಿಮಟದಿಂದ ನೆಟ್ಟಗೆ ಮಾಡಿದರೆ ಮುಗಿಯಿತು. ಕಾಲು ಸರಿಯಿದ್ದರೆ ಅದನ್ನು ‘ಸ್ಕ್ರೋಲ್ ಲಾಕ್’ ಅಥವಾ ‘ಪಾಸ್’ ಕೀಲಿಯ ಸ್ವಿಚ್ಚಿನ ಜೊತೆ ಅದಲುಬದಲು ಮಾಡಿ. ದೋಷ ಸ್ವಿಚ್ಚಿನ ಜೊತೆ ಹೊರಟುಹೋದರೆ ತಪ್ಪು ಸ್ವಿಚ್ಚಿನದು, ಅಲ್ಲೇ ಉಳಿದರೆ ಬೋರ್ಡಿನದು. ಹೇಗೂ ಆ ಎರಡು ಕೀಲಿಗಳನ್ನು ಯಾರೂ ಒತ್ತುವುದಿಲ್ಲ; ಹೊಸ ಸ್ವಿಚ್ಚು ಬರುವ ತನಕ ‘ಡಿ’ಯ ಕೆಲಸಕ್ಕೆ ಅಲ್ಲಿಂದಲೇ ಸಾಲ.

ಬೆಸುಗೆ ಹಾಕಿದ ಮಣೆಯಾದರೆ ಹಿಂಬದಿಯ ಮುಚ್ಚಳ ತೆಗೆದು, ಮತ್ತೆ ತಂತಿ ಸಿಕ್ಕಿಸಿ, ಆ ಸ್ವಿಚ್ಚಿನದೇ ಎರಡು ಬೆಸುಗೆಬಿಂದುಗಳನ್ನು ಚಿಮಟದಿಂದ ಮುಟ್ಟಿಸಿ. ಸ್ವಿಚ್ಚು ಮಾಡುವ ಕೆಲಸವೂ ಇಷ್ಟೇ. ಯುಎಸ್‌ಬಿಯ 5 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ. ಅಕ್ಷರ ಬಿದ್ದರೆ ಬೋರ್ಡು ಬದುಕಿದೆ. ಬೀಳದಿದ್ದರೆ ಪಕ್ಕದ ಪುಟ್ಟ ಡಯೋಡನ್ನೋ ಬಿರುಕುಬಿಟ್ಟ ಬೆಸುಗೆಯನ್ನೋ ಹುಡುಕಬೇಕು.

ಪುಟಿಯುವ ಸ್ವಿಚ್ಚಿಗೆ ಮೊದಲು ಶುಚಿ ಮಾಡಿ ನೋಡಿ. ತಂತಿ ಬಿಚ್ಚಿ, ದಂಟನ್ನು ಒತ್ತಿ ಹಿಡಿದು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬಿಟ್ಟು, ನೂರು ಸಲ ಒತ್ತಿ, ಪೂರ್ತಿ ಒಣಗಲು ಬಿಡಿ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಇವೆಲ್ಲ ಬೇಡವೇ ಬೇಡ; ಅವು ಧೂಳಿಗೆ ಅಂಟು. ತಿಂಗಳೊಳಗೆ ರೋಗ ಮರುಕಳಿಸಿದರೆ ಸ್ವಿಚ್ಚು ಬದಲಿಸುವುದೇ ಸರಿ. ಬೆಸುಗೆ ಬಿಚ್ಚುವಾಗ ಹಳೆಯದರ ಮೇಲೆ ಮೊದಲು ಹೊಸ ಸೀಸ ಸ್ವಲ್ಪ ಕರಗಿಸಿ, ಆಮೇಲೆ ಪಂಪಿನಿಂದ ಹೀರಿ. ಒಣ ಬೆಸುಗೆ ಸುಲಭಕ್ಕೆ ಕರಗುವುದಿಲ್ಲ. ಸ್ವಿಚ್ಚು ಬಾರದಿದ್ದರೆ ಎಳೆದಾಡಬೇಡಿ, ತಾಮ್ರದ ಪದರವೇ ಎದ್ದು ಬರುತ್ತದೆ. ಕೈಗೆ ರೂಢಿಯಿಲ್ಲದವರು ಮೊಬೈಲ್ ರಿಪೇರಿಯವನ ಹತ್ತಿರ ಹೋಗಿ. ನಮ್ಮ ಚೌಕದ ಹುಡುಗ ಮೊದಲು “ಗುರು, ಇದನ್ನು ಬಿಸಾಕಿ ಹೊಸದು ತಗೊಳ್ಳಿ” ಅಂದ. ಯಾವ ಎರಡು ಬಿಂದು ಅಂತ ಪೆನ್ನಿನಲ್ಲಿ ಗುರುತು ಹಾಕಿಕೊಟ್ಟ ಮೇಲೆ ಚಹಾ ಆರುವುದರೊಳಗೆ ಮುಗಿಸಿಕೊಟ್ಟ.

ಸ್ವಿಚ್ಚು ಸರಿಯಾದರೆ ಕೀಲಿಮಣೆ ಸರಿಯಾಯಿತು, ಬರೆದದ್ದು ಸರಿಯಾಗಲಿಲ್ಲ. ಕೀಲಿ ಯಾವಾಗಿನಿಂದ ಕೈಕೊಡುತ್ತಿತ್ತೋ ಅಂದಿನಿಂದ ಟೈಪಾದ ಪುಟಗಳನ್ನೆಲ್ಲ ಮೂಲದ ಜೊತೆ ಇಟ್ಟು ಓದಬೇಕು, ಸಾಧ್ಯವಾದರೆ ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ. ನಾನಾಗ ಹಳೆಯ ದತ್ತಿಗಳ ಒಂದು ಕೈಬರಹದ ಪಟ್ಟಿಯನ್ನು ಟೈಪು ಮಾಡುತ್ತಿದ್ದೆ; ಕೆಟ್ಟದ್ದು ದೀರ್ಘದ ಕೀಲಿ. ಹದಿನಾಲ್ಕು ಪುಟ ಮತ್ತೆ ಓದಿದ್ದಾಯಿತು. ‘ದನ’ ಎರಡು ಕಡೆ ಸಿಕ್ಕಿತು. ಒಂದನ್ನು ‘ದಾನ’ ಅಂತ ತಿದ್ದಿದೆ. ಇನ್ನೊಂದು ನಿಜವಾಗಿಯೂ ದನವೇ. ಯಾರೋ ಪುಣ್ಯಾತ್ಮರು ಕರುವಿನ ಸಮೇತ ಕೊಟ್ಟಿದ್ದರು.