ಎರೆಮಣ್ಣಿನ ಮೇಲೊಂದು ಕಟ್ಟೆ

ಹದಿಹರೆಯಕ್ಕೆ ಕಾಲಿಟ್ಟ ಮಗನೊಡನೆ ಮಾತೇ ಸಾಗುವುದಿಲ್ಲವೆಂಬ ಅಳಲು ಇಂದು ಅನೇಕ ಕುಟುಂಬಗಳಲ್ಲಿ ಕೇಳಿಬರುತ್ತದೆ. ಎದುರುಬದುರು ಕುಳಿತರೆ ತಂದೆಯದು ಉಪದೇಶ, ಮಗನದು ಮೌನ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವೂ ಉಂಟು. ಗೌಂಡಿ ಕೆಲಸ ಮಾಡಿ, ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋಗಿ ಮಕ್ಕಳನ್ನು ಓದಿಸಿದ ತಂದೆಯ ಕರಣೆಯನ್ನು ಕಂಡು ಓದಿದ ಮಗ ನಾಚುತ್ತಾನೆ. ‘ನನ್ನ ಪಾಡು ನಿನಗೆ ಬೇಡ’ ಎನ್ನುತ್ತ ತಂದೆಯೂ ಆ ನಾಚಿಕೆಗೆ ನೀರೆರೆಯುತ್ತಾನೆ. ಅನ್ನವಿತ್ತ ವಿದ್ಯೆಗೆ ಮನೆಯಲ್ಲಿಯೇ ಮರ್ಯಾದೆ ಇಲ್ಲದಂತಾಗುತ್ತದೆ.

ಇದಕ್ಕೊಂದು ಸರಳ ಪರಿಹಾರವಿದೆ: ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಏನನ್ನಾದರೂ ಕಟ್ಟುವುದು. ಮಗನ ಸ್ಥಾನದಲ್ಲಿ ಮಗಳು, ತಂದೆಯ ಸ್ಥಾನದಲ್ಲಿ ತಾಯಿ ಇದ್ದರೂ ಸರಿಯೇ. ಮಣ್ಣನ್ನು ಹದಮಾಡಿ ಗೋಡೆ ಸಾರಿಸಿದ ತಾಯಂದಿರು ಈ ವಿದ್ಯೆಯಲ್ಲಿ ಹಿಂದುಳಿದವರಲ್ಲ.

ಅಂಗಳದಲ್ಲಿ 5 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಒಂದು ಕಟ್ಟೆಯನ್ನು ಎತ್ತಿಕೊಳ್ಳಿರಿ. ಅದು ಮನೆಯ ಗೋಡೆಯಿಂದ ದೂರವಿರಲಿ. ಮೊದಲ ಪಾಠ ಮೂಲೆಯದು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ನಡುವಿನ ಅಂತರ ಸರಿಯಾಗಿ 5 ಅಡಿ ಬರುವಂತೆ ತಂದೆ ದಾರವನ್ನು ಸರಿಸುತ್ತಾನೆ. ಮಗ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪೈಥಾಗೊರಸನ ಪ್ರಮೇಯವೇ ಅದು! ನೀರು ತುಂಬಿದ ಪಾರದರ್ಶಕ ಪೈಪಿನಿಂದ ತಂದೆ ಮಟ್ಟ ನೋಡುವಾಗ, ಅದರ ಎರಡೂ ತುದಿಗಳಲ್ಲಿ ನೀರು ಏಕೆ ಸಮನಾಗಿ ನಿಲ್ಲುತ್ತದೆಂಬುದನ್ನು ಮಗ ವಿವರಿಸಬಲ್ಲನು. ಒಬ್ಬನಿಗೆ ‘ಹೇಗೆ’ ಗೊತ್ತು, ಇನ್ನೊಬ್ಬನಿಗೆ ‘ಏಕೆ’ ಗೊತ್ತು. ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು.

ಎರಡನೆಯ ಪಾಠ ಅಡಿಪಾಯದ್ದು. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ; ಮೇಲಿನ ಗೋಡೆಯೂ ಅದರೊಡನೆ ಸೀಳುತ್ತದೆ. ಆದುದರಿಂದ ಎರಡು ಅಡಿ ಎರೆಮಣ್ಣನ್ನು ತೆಗೆದು ಗರಸನ್ನು ತುಂಬಬೇಕು. ಅರ್ಧ ಅಡಿಗೊಂದು ಪದರದಂತೆ ಹರವಿ, ನೀರು ಚಿಮುಕಿಸಿ, ದಿಮ್ಮಸು ಬಡಿಯಬೇಕು. ನಂತರವೇ ಕಲ್ಲು. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ, ಸಿಮೆಂಟು ಮುಟ್ಟುವಾಗ ಕೈಗೆ ಗವಸು ಇರಲಿ. ಕಟ್ಟಿದ ಮೇಲೆ ಕನಿಷ್ಠ 7 ದಿನ ನೀರುಣಿಸುವ ಹೊಣೆ ಮಗನದಾಗಿರಲಿ.

ಪಾಲಕರಿಗೂ ಒಂದು ಪಾಠವಿದೆ. ಮಗ ಇಟ್ಟ ಕಲ್ಲು ಸೊಟ್ಟಗಾದರೆ ಗದರಬೇಡಿರಿ. ತಪ್ಪನ್ನು ತೂಗುಗುಂಡು ಹೇಳಲಿ, ತಂದೆಯ ನಾಲಗೆ ಬೇಡ. ಗುಂಡಿಗೆ ಸಿಟ್ಟಿಲ್ಲ, ಪಕ್ಷಪಾತವಿಲ್ಲ; ಅದರ ತೀರ್ಪನ್ನು ಹುಡುಗ ಒಪ್ಪುತ್ತಾನೆ. ಮನೆ ಕಟ್ಟುತ್ತ ಕಟ್ಟುತ್ತಲೇ ಮನುಷ್ಯ ಶಿಲ್ಪಿಯಾಗುವಂತೆ, ಒಳಿತನ್ನು ಮಾಡುತ್ತ ಮಾಡುತ್ತಲೇ ಒಳ್ಳೆಯವನಾಗುತ್ತಾನೆಂಬುದು ತತ್ತ್ವಜ್ಞಾನಿ ಅರಿಸ್ಟಾಟಲನ ವಿಚಾರ. ತಾಳ್ಮೆಯೂ ಹಾಗೆಯೇ, ಅದು ಉಪದೇಶದಿಂದ ಬರುವುದಲ್ಲ, ಕೈಯಿಂದ ಬರುವುದು.

ಕೆಲಸ ಮುಗಿದ ಮೇಲೆ ಇಬ್ಬರೂ ಗಜೇಂದ್ರಗಡದ ಬಳಿಯ ಸೂಡಿಗೆ ಹೋಗಿಬನ್ನಿರಿ. ಕಲ್ಯಾಣ ಚಾಲುಕ್ಯರ ಕಾಲದ ಜೋಡುಕಳಸದ ಗುಡಿ, ನಾಗಕುಂಡದ ಮೆಟ್ಟಿಲುಗಳು ಸಿಮೆಂಟಿಲ್ಲದೆ ನಿಂತಿವೆ. ಒಂದು ಕಟ್ಟೆ ಕಟ್ಟಿದ ಹುಡುಗನ ಕಣ್ಣು ಆ ಕಲ್ಲುಗಳನ್ನು ಬೇರೆಯೇ ಬಗೆಯಲ್ಲಿ ಕಾಣುತ್ತದೆ; ಪಕ್ಕದಲ್ಲಿ ನಿಂತ ತಂದೆಯನ್ನೂ.

ಸಂತ ಮಾರ್ಕನ ಶುಭಸಂದೇಶ ಯೇಸುವನ್ನು ಬಡಗಿ ಎಂದು ಕರೆಯುತ್ತದೆ. ಅಲ್ಲಿರುವ ‘ತೆಕ್ತೋನ್’ ಎಂಬ ಗ್ರೀಕ್ ಪದಕ್ಕೆ ಕಟ್ಟುವವನೆಂಬ ಅರ್ಥವೂ ಇದೆ. ಆಳವಾಗಿ ಅಗೆದು ಬಂಡೆಯ ಮೇಲೆ ಅಡಿಪಾಯ ಹಾಕಿದವನ ಸಾಮ್ಯವನ್ನು ಹೇಳಿದವರು ತಂದೆಯೊಡನೆ ದುಡಿದ ಮಗ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ನಮ್ಮಲ್ಲಿ ಅದು ಶಾಲೆಗೆ ರಜೆಯ ಕಾಲ, ನೆಲ ಒಣಗಿರುವ ಕಾಲ. ದಾರ ಹಿಡಿಯಲು ಅದಕ್ಕಿಂತ ಒಳ್ಳೆಯ ದಿನ ಬೇಕೆ?