ಚಳಿಗಾಲದ ಮುಂಜಾವಿನಲ್ಲಿ ಮೋಟಾರಿನ ಸಪ್ಪಳ

ಮಾರ್ಗಶಿರ, ಪುಷ್ಯ ಮಾಸಗಳು ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಒಕ್ಕಲಿಗರಿಗೆ ಬಿಡುವಿಲ್ಲದ ಕಾಲವು. ಒಂದು ಕಡೆಗೆ ಹಿಂಗಾರಿ ಪೈರಿನ ಆರೈಕೆ. ಇನ್ನೊಂದು ಕಡೆಗೆ ಮೆಣಸಿನಕಾಯಿಯನ್ನು ಬಿಡಿಸಿ, ಒಣಗಿಸಿ, ಚೀಲ ತುಂಬಿ ಬ್ಯಾಡಗಿಯ ಪೇಟೆಗೆ ಸಾಗಿಸುವ ಅವಸರ. ಪೂರ್ವದಲ್ಲಿ ಚಕ್ಕಡಿಗಳು ಮಾಡುತ್ತಿದ್ದ ಈ ಕೆಲಸವನ್ನು ಈಗ ಜೀಪು, ಟ್ರ್ಯಾಕ್ಟರು, ಸಣ್ಣ ಮಾಲುಗಾಡಿಗಳು ಮಾಡುತ್ತಿರುವವು. ಯಜಮಾನರ ಓಡಾಟಕ್ಕೆ ಮನೆಯ ಮುಂದೆ ಕಾರೂ ಇರುವದು. ಎತ್ತು ಕುಂಟಿದರೆ ಒಡೆಯನು ಅದರ ಕಾಲನ್ನು ನೋಡಿ ಬೇನೆಯನ್ನು ಅರಿಯುವನು. ಎಂಜಿನ್ನಿನ ಬೇನೆಯನ್ನಾದರೋ ಬಹುಮಟ್ಟಿಗೆ ಅದರ ಸಪ್ಪಳದಿಂದಲೇ ಅರಿಯಬೇಕಾಗುವದು.

ಈ ಅರಿವು ಇಲ್ಲದಿದ್ದರೆ ಎರಡು ಬಗೆಯ ಹಾನಿಯುಂಟು. ನಿರುಪದ್ರವಿಯಾದ ಸಪ್ಪಳಕ್ಕೆ ಅಂಜಿ, ಎಂಜಿನ್ನನ್ನು ಬಿಚ್ಚಿಸಿ, ವೃಥಾ ಹಣವನ್ನು ಕಳೆಯುವದು ಒಂದು. ಕೇಡಿನ ಸಪ್ಪಳವನ್ನು “ಚಳಿಗೆ ಹೀಗಾಗುವದು” ಎಂದು ಅಲಕ್ಷಿಸಿ, ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಮಾಲುಸಹಿತ ನಿಂತುಬಿಡುವದು ಇನ್ನೊಂದು. ಇವೆರಡನ್ನೂ ತಪ್ಪಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಚಳಿಯಿಂದ ಆಗುವ ಮಾರ್ಪಾಡು

ನಮ್ಮ ಸೀಮೆಯಲ್ಲಿ ಹಿಮ ಬೀಳುವದಿಲ್ಲ. ಆದರೂ ಮಾಗಿಯ ನಸುಕಿನಲ್ಲಿ ಉಷ್ಣಮಾನವು 15 ಡಿಗ್ರಿ ಸೆಂಟಿಗ್ರೇಡಿನ ಆಜುಬಾಜಿಗೆ ಇಳಿಯುವದುಂಟು. ಆಗ ಮನೆಯ ಕೊಬ್ಬರಿಎಣ್ಣೆಯು ಹೆಪ್ಪುಗಟ್ಟುವದನ್ನು ಎಲ್ಲರೂ ಬಲ್ಲರು. ಎಂಜಿನ್ನಿನ ಎಣ್ಣೆಯು ಹಾಗೆ ಹೆಪ್ಪುಗಟ್ಟದಿದ್ದರೂ ಮಂದವಾಗುವದು. ರಾತ್ರಿಯೆಲ್ಲ ಅದು ಕೆಳಗಿನ ತೊಟ್ಟಿಗೆ ಇಳಿದಿರುವದರಿಂದ, ಮುಂಜಾನೆ ಮೇಲಿನ ಭಾಗಗಳನ್ನು ಮುಟ್ಟಲು ಕೆಲವು ಕ್ಷಣ ಬೇಕಾಗುವದು. ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಬರೆದಿರುವಲ್ಲಿ ಮೊದಲಿನ ಅಂಕೆಯು ಚಳಿಯಲ್ಲಿಯ ಗುಣವನ್ನೂ, ಎರಡನೆಯದು ಬಿಸಿಯಲ್ಲಿಯ ಗುಣವನ್ನೂ ತೋರಿಸುವದು. ಮೊದಲಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆಯು ಚಳಿಯಲ್ಲಿ ಸುಲಭವಾಗಿ ಹರಿಯುವದು. ತಯಾರಕರ ಪುಸ್ತಕದಲ್ಲಿ ಹೇಳಿದ ಅಂಕೆಯ ಎಣ್ಣೆಯನ್ನೇ ಹಾಕತಕ್ಕದ್ದು.

ಇದಲ್ಲದೆ ಲೋಹಗಳು ಬಿಸಿಗೆ ಹಿಗ್ಗುವವು, ತಂಪಿಗೆ ಕುಗ್ಗುವವು. ಅಲ್ಯುಮಿನಿಯಮ್ಮಿನ ಪಿಸ್ಟನ್ನು ಬೀಡುಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಸ್ವಭಾವದ್ದಾದ್ದರಿಂದ, ತಣ್ಣಗಿರುವಾಗ ಅವೆರಡರ ನಡುವಿನ ಸಂದು ಹೆಚ್ಚಾಗಿರುವದು.

ಬಿಸಿಯಾದಂತೆ ಅಡಗುವ ಸಪ್ಪಳಗಳು

1. ಚಾಲೂ ಮಾಡಿದೊಡನೆ ಮೇಲ್ಭಾಗದಲ್ಲಿ ಕೇಳುವ ಹಗುರಾದ “ಟಿಕ್ ಟಿಕ್” ಸಪ್ಪಳವು ವಾಲ್ವ್ ಮತ್ತು ಟ್ಯಾಪೆಟ್ಟುಗಳದು. ಎಣ್ಣೆಯು ಮೇಲೇರಿದ ಕೂಡಲೆ ಅಡಗಿದರೆ ಚಿಂತೆಯಿಲ್ಲ. ಅಡಗದಿದ್ದರೆ ಎಣ್ಣೆಯ ಮಟ್ಟವನ್ನು ನೋಡಿ, ಬಳಿಕ ಟ್ಯಾಪೆಟ್ಟಿನ ಸಂದನ್ನು ಪರೀಕ್ಷೆ ಮಾಡಿಸಬೇಕು.

2. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಇಂಧನವು ಹೊತ್ತುವದು. ತಣ್ಣನೆಯ ಸಿಲಿಂಡರು ಆ ಕಾವನ್ನು ಹೀರುವದರಿಂದ ಇಂಧನವು ತಡೆದು ಹೊತ್ತಿ, ಒಮ್ಮೆಲೆ ಉರಿಯುವದು. ಗಡುಸಾದ “ಕಟಕಟ” ಸಪ್ಪಳಕ್ಕೂ ಬಿಳಿಯ ಹೊಗೆಗೂ ಇದೇ ಕಾರಣ. ಎಂಜಿನ್ನು ಕಾಯ್ದ ಮೇಲೂ ಇವು ನಿಲ್ಲದಿದ್ದರೆ ಇಂಜೆಕ್ಟರುಗಳನ್ನೂ, ಚಾಲೂ ಆಗುವದೇ ಕಷ್ಟವಾದರೆ ಹೀಟರ್ ಪ್ಲಗ್ಗುಗಳನ್ನೂ ಪರೀಕ್ಷಿಸಬೇಕು.

3. ಬೋಳು ಬಡಿತದಂಥ “ಡಬಡಬ” ಸಪ್ಪಳವು ಕೆಲವು ನಿಮಿಷಗಳಲ್ಲಿ ಕಡಿಮೆಯಾಗುತ್ತ ಹೋದರೆ ಅದು ಸಂದು ಹೆಚ್ಚಿದ ಪಿಸ್ಟನ್ನಿನದು. ಸವೆತದ ಗುರುತು ನಿಜ. ಆದರೆ ಗಾಡಿಯು ಎಣ್ಣೆಯನ್ನು ಉರಿಸದೆ ಇದ್ದರೆ ಸುಗ್ಗಿಯು ಮುಗಿಯುವ ತನಕ ಕಾಯಬಹುದು.

4. ಹೊಗೆಕೊಳವೆಯ ಬುಡದಲ್ಲಿ ಗ್ಯಾಸ್ಕೆಟ್ಟು ಒಡೆದಿದ್ದರೂ “ಟಿಕ್ ಟಿಕ್” ಎನ್ನುವದು. ಲೋಹವು ಹಿಗ್ಗಿ ಸಂದು ಮುಚ್ಚಿದಾಗ ಸುಮ್ಮನಾಗುವದು. ವಿಷದ ಹೊಗೆಯು ಗಾಡಿಯೊಳಗೆ ನುಗ್ಗುವ ಸಂಭವವಿರುವದರಿಂದ ಇದನ್ನು ಬೇಗನೆ ಸರಿಪಡಿಸಬೇಕು.

5. ಇಬ್ಬನಿಯಿಂದ ತೊಯ್ದ ಬೆಲ್ಟು “ಕೀಚ್” ಎಂದು ಒದರಿ, ಆರಿದ ಮೇಲೆ ಸುಮ್ಮನಾಗುವದು. ದಿನಾಲೂ ಒದರಿದರೆ ಅದು ಸಡಿಲಾಗಿದೆ ಇಲ್ಲವೆ ಸವೆದಿದೆ ಎಂದು ತಿಳಿಯತಕ್ಕದ್ದು.

ಕಾವೇರಿದ ಮೇಲೆ ಹುಟ್ಟುವ ಸಪ್ಪಳ

ಇಲ್ಲಿ ವಾಚಕರು ವಿಶೇಷ ಲಕ್ಷ್ಯವನ್ನು ಕೊಡಬೇಕು. ಚಳಿಯು ಕೆಲವು ಸಪ್ಪಳಗಳನ್ನು ಹುಟ್ಟಿಸುವಂತೆ ಕೆಲವನ್ನು ಮುಚ್ಚಿಡುವದೂ ಉಂಟು. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದ್ದರೂ ಮಂದವಾದ ಎಣ್ಣೆಯು ಆ ಸಂದನ್ನು ತುಂಬಿಕೊಂಡು ನಸುಕಿನಲ್ಲಿ ಅದರ ಬಡಿತವನ್ನು ತಗ್ಗಿಸುವದು. ಹತ್ತಾರು ಮೈಲು ಹೋಗಿ ಎಣ್ಣೆಯು ತೆಳ್ಳಗಾದಾಗ, ಭಾರವನ್ನು ಎಳೆಯುವಾಗ, ಎಂಜಿನ್ನಿನ ಕೆಳಭಾಗದಿಂದ ಭಾರವಾದ “ಧಡ್ ಧಡ್” ಎಂಬ ಸಪ್ಪಳವು ಕೇಳುವದು. ಇದರ ಸಂಗಡ ಎಣ್ಣೆಯ ಕೆಂಪು ದೀಪವೂ ಹೊತ್ತಿದರೆ ಒಂದು ಫರ್ಲಾಂಗನ್ನೂ ಮುಂದೆ ಹೋಗಬಾರದು. ಗಾಡಿಯನ್ನು ಬದಿಗೆ ಹಚ್ಚಿ ಎಂಜಿನ್ನನ್ನು ಬಂದು ಮಾಡತಕ್ಕದ್ದು. ಆಗ ನಿಲ್ಲಿಸಿದರೆ ಬೇರಿಂಗಿನ ಖರ್ಚಿನಲ್ಲಿ ಮುಗಿಯಬಹುದಾದ ಕೆಲಸವು, ಪೇಟೆಯನ್ನು ಮುಟ್ಟಿಯೇ ನೋಡುವೆನೆಂದರೆ ಇಡೀ ಎಂಜಿನ್ನನ್ನೇ ನುಂಗುವದು. ತಪ್ಪಿದ ಒಂದು ದಿನದ ವ್ಯಾಪಾರವನ್ನು ಮುಂದಿನ ಪೇಟೆಯಲ್ಲಿ ಮಾಡಿಕೊಳ್ಳಬಹುದು.

ಪರೀಕ್ಷಿಸುವ ಕ್ರಮ

ಚಾಲೂ ಮಾಡುವ ಮೊದಲು, ಸಪಾಟು ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ ಅಳತೆಗೋಲಿನಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಸ್ಟಾರ್ಟರು ಬರೇ “ಟಕ್ ಟಕ್” ಎಂದು ಎಂಜಿನ್ನು ತಿರುಗದಿದ್ದರೆ ದೋಷವು ಬಹುಶಃ ಬ್ಯಾಟರಿಯದು. ಚಳಿಯಲ್ಲಿ ಅದರ ಶಕ್ತಿಯು ತಗ್ಗುವದು. ಅದರ ತುದಿಗಳ ಕಿಲುಬನ್ನು ತೆಗೆದು ಬಿಗಿ ಮಾಡಿ ನೋಡಬೇಕು. ಚಾಲೂ ಆದ ಬಳಿಕ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಸಪ್ಪಳವು ಮೇಲಿನದೋ, ಕೆಳಗಿನದೋ? ಕಾವಿನೊಂದಿಗೆ ತಗ್ಗುವದೋ, ಹೆಚ್ಚುವದೋ? ವೇಗ ಮತ್ತು ಭಾರಗಳೊಂದಿಗೆ ಬದಲಾಗುವದೋ? ಉತ್ತರಗಳನ್ನು ಬರೆದಿಟ್ಟು ಮಿಸ್ತ್ರಿಗೆ ತೋರಿಸಿದರೆ ಅವನ ಕೆಲಸ ಅರ್ಧ ಮುಗಿದಂತೆ. ಸಾಧ್ಯವಿದ್ದರೆ ಗಾಡಿಯನ್ನು ರಾತ್ರಿ ಅವನಲ್ಲಿಯೇ ಬಿಟ್ಟು ಮುಂಜಾನೆಯ ಮೊದಲ ಸಪ್ಪಳವನ್ನು ಕೇಳಿಸುವದು ಉತ್ತಮ. ಕಾಯ್ದ ಎಂಜಿನ್ನು ಚಳಿಯ ಸಪ್ಪಳವನ್ನು ಹೇಳದು.

ಹಳೆಯ ಟ್ರ್ಯಾಕ್ಟರುಗಳಲ್ಲಿ ಮಿಸ್ತ್ರಿಗಳು ಒಂದೊಂದೇ ಡೀಸೆಲ್ ನಳಿಗೆಯ ನಟ್ಟನ್ನು ಸಡಿಲಿಸಿ ದೋಷದ ಸಿಲಿಂಡರನ್ನು ಹುಡುಕುವದುಂಟು. ಹೊಸ ಕಾಮನ್ ರೇಲ್ ಎಂಜಿನ್ನುಗಳಲ್ಲಿ ಈ ಸಾಹಸವು ಸರ್ವಥಾ ಸಲ್ಲದು. ಅಲ್ಲಿ ಇಂಧನದ ಒತ್ತಡವು 1000 ಬಾರನ್ನು ಮೀರಬಹುದಾಗಿದ್ದು, ಚಿಮ್ಮಿದ ಡೀಸೆಲ್ಲು ಚರ್ಮವನ್ನು ಭೇದಿಸಿ ಒಳಹೊಗುವದು.

ಎಚ್ಚರಿಕೆಯ ಮಾತು

ತಣ್ಣಗಿರುವ ಎಂಜಿನ್ನನ್ನು ರಭಸದಿಂದ ಓಡಿಸಬಾರದು. ಅರ್ಧ ತಾಸು ನಿಂತಲ್ಲಿಯೇ ಓಡಿಸುವದೂ ಬೇಡ. ಒಂದು ನಿಮಿಷದ ತರುವಾಯ ಮೆಲ್ಲಗೆ ಹೊರಟು, ಮೊದಲ ಎರಡು-ಮೂರು ಮೈಲು ಸಾವಕಾಶವಾಗಿ ನಡೆಸಿದರೆ ಸಾಕು. ಚಳಿಯೆಂದು ಕದವಿಕ್ಕಿದ ಕೊಟ್ಟಿಗೆಯಲ್ಲಿ ಗಾಡಿಯನ್ನು ಎಂದಿಗೂ ಚಾಲೂ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನುಷ್ಯರನ್ನೂ ದನಗಳನ್ನೂ ಅರಿವಿಲ್ಲದಂತೆ ಕೊಲ್ಲುವದು.

ಕಾವಿನೊಂದಿಗೆ ಅಡಗುವ ಸಪ್ಪಳವು ಸಾಮಾನ್ಯವಾಗಿ ಸಮಯ ಕೊಡುವದು. ಕಾವಿನೊಂದಿಗೆ ಬೆಳೆಯುವ ಸಪ್ಪಳವು ಕೊಡದು. ಊರ ಗೌಡರೂ ಜಮೀನುದಾರರೂ ಈ ಒಂದು ಮಾತನ್ನು ತಮ್ಮ ಚಾಲಕರಿಗೂ ನೆರೆಯ ಒಕ್ಕಲಿಗರಿಗೂ ಮನಗಾಣಿಸಬೇಕೆಂದು ವಿನಂತಿ.